ಸಿಪ್ಪೆ, ಇದ್ದಿಲು, ಪಾಚಿ: ಕರಾವಳಿ ಮನೆಯೊಳಗಿನ ಡೆಂಡ್ರೋಬಿಯಂಗೆ ಯಾವುದು ವಾಸಿ?

ಉತ್ತರ ಕನ್ನಡದಲ್ಲಿ ಮನೆಯೊಳಗಿನ ಡೆಂಡ್ರೋಬಿಯಂ ಎಂಬ ಆರ್ಕಿಡ್ (ಸೀತಾಳೆ) ಬಾಯಾರಿ ಸಾಯುವುದು ಅಪರೂಪ. ಸಾಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಬೇರು ಕೊಳೆತು. ಕಾರವಾರದ ಮೂರು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ ಕುಂಡದ ಮೇಲೆ ಒಂದು ಹನಿಯೂ ಬೀಳದಿರಬಹುದು. ಆದರೆ ಗೋಡೆಗೆ ಬೂಷ್ಟು ಹಿಡಿದು, ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಆ ಗಾಳಿಯಲ್ಲಿ ಕುಂಡ ಒಣಗುವುದಾದರೂ ಹೇಗೆ? ಗಿಡ ತಂದ ದಿನವೇ ಗೊಬ್ಬರದ ಪೊಟ್ಟಣ ಹುಡುಕುವವರು ಹೆಚ್ಚು. ಮೊದಲು ನೋಡಬೇಕಾದ್ದು ಕುಂಡದೊಳಗೆ ಏನು ತುಂಬಿದೆ, ಅದು ಎಷ್ಟು ದಿನಕ್ಕೆ ಒಣಗುತ್ತದೆ ಎಂಬುದನ್ನು.

ಹೋಲಿಕೆಗೆ ಇಟ್ಟುಕೊಂಡದ್ದು ನೇರಳೆ-ಬಿಳಿ ಹೂವಿನ ಸೋನಿಯಾ, ನರ್ಸರಿಗಳಲ್ಲಿ ಸುಲಭಕ್ಕೆ ಸಿಗುವ ತಳಿ. ಎಲ್ಲಕ್ಕೂ 4 ಇಂಚಿನ, ಪಕ್ಕದಲ್ಲೂ ತೂತಿರುವ ಮಣ್ಣಿನ ಕುಂಡ, ಪೂರ್ವದ ಕಿಟಕಿ, ಒಂದೇ ಬಾವಿಯ ನೀರು. ನೋಡಿದ್ದು ಎರಡು ಮಳೆಗಾಲ. ಒಣಗಿದೆಯೋ ಇಲ್ಲವೋ ತಿಳಿಯಲು ಬೆರಳಿಗಿಂತ ಅಡುಗೆಮನೆಯ ತಕ್ಕಡಿ ಮೇಲು. ನೀರು ಸೋರಿ ನಿಂತ ಮೇಲೊಮ್ಮೆ, ಪೂರಾ ಒಣಗಿದಾಗೊಮ್ಮೆ ತೂಗಿ, ಎರಡೂ ಅಂಕಿಯನ್ನು ಕುಂಡದ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ತಿಂಗಳೊಪ್ಪತ್ತಿನಲ್ಲಿ ಎತ್ತಿ ನೋಡಿದರೇ ಗೊತ್ತಾಗುತ್ತದೆ.

ಪಾಚಿ

ಪ್ಯಾಕೆಟ್ಟಿನಲ್ಲಿ ಬರುವ ಸ್ಫ್ಯಾಗ್ನಂ ಪಾಚಿಯ ಮಾತು ಬೇಗ ಮುಗಿಸಬಹುದು. ಬೇಸಿಗೆಯಲ್ಲೇ ಒಣಗಲು ಐದಾರು ದಿನ. ಆಷಾಢದಲ್ಲಿ ಹನ್ನೆರಡು ದಿನವಾದರೂ ನಡು ಒದ್ದೆಯೇ. ಮೇಲ್ಭಾಗ ಗರಿಗರಿಯಾಗಿ ಕಾಣುವುದೇ ಇದರ ಮೋಸ. ಅದನ್ನು ನಂಬಿ ನೀರು ಹಾಕಿದರೆ ಮುಗಿಯಿತು. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ: ಹೊರಗಿನ ಸ್ಪಂಜಿನಂಥ ಹೊದಿಕೆ ಸರ್ರನೆ ಜಾರಿ ಬಂದು, ಒಳಗೆ ಬಾಳೆನಾರಿನಂಥ ಒಂದು ಎಳೆ ಮಾತ್ರ ಉಳಿಯುತ್ತದೆ. ಆರೋಗ್ಯದ ಬೇರು ಗಟ್ಟಿ, ಒಣಗಿದ್ದಾಗ ಬೆಳ್ಳಗೆ, ನೀರು ತಾಗಿದರೆ ಹಸಿರು. ದಿನವಿಡೀ ಏಸಿ ಓಡುವ ಕೋಣೆಗೆ ಪಾಚಿ ಸರಿ. ಕಾಂಡದ ಮೇಲೆ ಹುಟ್ಟಿದ ಮರಿಗಿಡಕ್ಕೆ ಬೇರು ಬರಿಸಲು ಒಂದು ಹಿಡಿ ಇಟ್ಟುಕೊಳ್ಳಲೂ ಸರಿ. ದೊಡ್ಡ ಗಿಡಕ್ಕೆ ಬೇಡ.

ತೆಂಗಿನ ಸಿಪ್ಪೆ

ಅಗ್ಗ, ಹಿತ್ತಿಲಲ್ಲೇ ಸಿಗುತ್ತದೆ, ಬೇರು ಪ್ರೀತಿಯಿಂದ ಹಿಡಿದುಕೊಳ್ಳುತ್ತದೆ. ಮೊದಲ ವರ್ಷ ಮೂರರಲ್ಲೂ ದಪ್ಪ ಕಾಂಡ ಬಂದದ್ದು ಇದರಲ್ಲೇ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಒಣಗುತ್ತದೆ, ಮಳೆಗಾಲದಲ್ಲಿ ಏಳೆಂಟು ದಿನ.

ತೊಂದರೆ ಎರಡು. ಒಂದು, ಹೊಸ ಸಿಪ್ಪೆಯ ಒಗರು. ಹೆಬ್ಬೆರಳ ತುದಿಯಷ್ಟು ತುಂಡು ಮಾಡಿ ಕನಿಷ್ಠ ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಬೇಕು. ಚಹಾ ಬಣ್ಣ ತೆಳುವಾಗುವವರೆಗೆ. ಹಗ್ಗಕ್ಕೆಂದು ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆ ಪುಕ್ಕಟೆ ಸಿಕ್ಕರೂ ತರಬೇಡಿ. ಅದರೊಳಗಿನ ಉಪ್ಪು ನಾಲ್ಕು ಸಲ ತೊಳೆದರೂ ಹೋಗುವುದಿಲ್ಲ, ಬೇರಿನ ಹಸಿರು ತುದಿ ಕಪ್ಪಾಗಿ ನಿಂತುಬಿಡುತ್ತದೆ. ಎರಡನೆಯದು, ಆಯಸ್ಸು. ಎರಡನೇ ಮಳೆಗಾಲದ ಹೊತ್ತಿಗೆ ಸಿಪ್ಪೆ ಹಿಂಡಿದರೆ ಪುಡಿಯಾಗುವಷ್ಟು ಮೆತ್ತಗಾಗಿರುತ್ತದೆ. ಆ ಪುಡಿ ತಳಕ್ಕಿಳಿದು ತೂತು ಮುಚ್ಚುತ್ತದೆ. ಒಂದೂವರೆ ವರ್ಷಕ್ಕೆ ಬದಲಿಸುವ ಉಮೇದು ಇದ್ದವರಿಗೆ ಮಾತ್ರ ಬರೀ ಸಿಪ್ಪೆ.

ಇದ್ದಿಲು ಮತ್ತು ಹಂಚಿನ ಚೂರು

ಬೆಳವಣಿಗೆಯಲ್ಲಿ ಸಿಪ್ಪೆಗಿಂತ ಒಂದು ಹೆಜ್ಜೆ ಹಿಂದೆ, ಬದುಕುವುದರಲ್ಲಿ ಎಲ್ಲಕ್ಕಿಂತ ಮುಂದೆ. ಬೇಸಿಗೆಯಲ್ಲಿ ದಿನಕ್ಕೊಮ್ಮೆ ನೀರು ಕೇಳುತ್ತದೆ, ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ. ಮೂರು ನಾಲ್ಕು ವರ್ಷ ಕುಸಿಯುವುದಿಲ್ಲ. ಮಾಡು ರಿಪೇರಿಗೆ ಇಳಿಸಿದ ಮಂಗಳೂರು ಹಂಚು ಇದ್ದರೆ ಒಡೆದುಕೊಳ್ಳಿ: ತಳಕ್ಕೆ ಒಂದಿಂಚಿನ ಚೂರು, ಮೇಲಕ್ಕೆ ಅರ್ಧ ಇಂಚಿನವು. ಜರಡಿಯಲ್ಲಿ ಜಾಲಿಸಿ ಪುಡಿ ತೆಗೆಯದಿದ್ದರೆ ಅದು ಕೆಸರಾಗಿ ಕೂರುತ್ತದೆ.

ಬಚ್ಚಲ ಒಲೆಯ ಇದ್ದಿಲು ಸಾಕು, ಆದರೆ ಬೂದಿ ಕ್ಷಾರ. ಎರಡು ದಿನ ನೆನೆಸಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಗಾಳಿಮರದಂಥ ಗಟ್ಟಿ ಕಟ್ಟಿಗೆಯದ್ದಾದರೆ ಬಾಳಿಕೆ. ಕರಟದ ಇದ್ದಿಲಾದರೆ ಇನ್ನೂ ಸಣ್ಣಗೆ ಒಡೆಯಿರಿ, ಬಟ್ಟಲಿನಂಥ ತುಂಡಿನಲ್ಲಿ ನೀರು ನಿಲ್ಲುತ್ತದೆ. ಇದ್ದಿಲು ಗೊಬ್ಬರದ ಉಪ್ಪನ್ನು ಹೀರಿ ಇಟ್ಟುಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ತಿಂಗಳಿಗೆರಡು ಸಲ ಕುಂಡವನ್ನು ಬಚ್ಚಲಿಗೆ ಒಯ್ದು, ಬರೀ ನೀರನ್ನು ಮೂರು ನಾಲ್ಕು ಚೊಂಬು ಹೊಯ್ದು ಸೋರಿಸಿ.

ಕೊನೆಗೆ ಉಳಿಸಿಕೊಂಡದ್ದು ಮಿಶ್ರಣ: ಮೂರು ಪಾಲು ಇದ್ದಿಲು, ಎರಡು ಪಾಲು ಹಂಚು, ಒಂದು ಪಾಲು ಸಿಪ್ಪೆ. ಶಿರಸಿ ಕಡೆ ಬೇಸಿಗೆಯ ಗಾಳಿ ಕರಾವಳಿಗಿಂತ ಒಣ. ಅಲ್ಲಿ ಸಿಪ್ಪೆ ಎರಡು ಪಾಲಾದರೂ ನಡೆಯುತ್ತದೆ. ಅಡಿಕೆ ದಬ್ಬೆಗೆ (ಸೀಳಿದ ಅಡಿಕೆ ಮರದ ಪಟ್ಟಿಗೆ) ಕಟ್ಟಿದ ಗಿಡ ಚೆಂದವೇನೋ ಹೌದು, ಬೇರಿಗೂ ಸುಖ. ಆದರೆ ಮನೆಯೊಳಗೆ ದಿನಾ ಎರಡು ಹೊತ್ತು ಸಿಂಪಡಿಸಿ ನೆಲ ಒರೆಸುವವರು ಯಾರು? ಅದಕ್ಕೆ ಜಗಲಿಯೇ ಜಾಗ.

ಕುಂಡ ಬದಲಿಸುವ ಕಾಲ ಮಾರ್ಚ್‌ನಿಂದ ಮೇ, ಹೊಸ ಚಿಗುರು ಎರಡಿಂಚಾಗಿ ಅದರ ಬುಡದಲ್ಲಿ ಬೇರಿನ ಮೊಳಕೆ ಕಂಡಾಗ. ಬುಡ ಕುಂಡದೊಳಗಿನ ಮಿಶ್ರಣದ ಮೇಲೇ ಕೂರಬೇಕು; ಹೂತರೆ ಚಿಗುರು ಕೊಳೆಯುತ್ತದೆ. ಗಿಡ ಅಲ್ಲಾಡದಂತೆ ಕಡ್ಡಿಗೆ ಕಟ್ಟಿ, ಇಲ್ಲದಿದ್ದರೆ ಹೊಸ ಬೇರಿನ ತುದಿ ಉಜ್ಜಿ ಸಾಯುತ್ತದೆ. ಒಂದೂವರೆ ಅಡಿಯ ಗಿಡಕ್ಕೆ 4 ಇಂಚಿನ ಕುಂಡ ಚಿಕ್ಕದೆಂದು ಕಂಡರೂ ದೊಡ್ಡದಕ್ಕೆ ಹೋಗಬೇಡಿ. ಬೀಳುತ್ತದೆಂಬ ಭಯವಿದ್ದರೆ ಕುಂಡವನ್ನು ಕಲ್ಲು ಹಾಕಿದ ಇನ್ನೊಂದು ಕುಂಡದೊಳಗೆ ಇಡಿ. ಎಲೆ ಉದುರಿ ಬೋಳಾದ ಹಳೆಯ ಕಾಂಡಗಳನ್ನು ಕತ್ತರಿಸುವುದು ದೊಡ್ಡ ತಪ್ಪು. ಗಿಡದ ನೀರು, ಆಹಾರ ಅವುಗಳಲ್ಲೇ. ಎರಡು ಮೂರು ವರ್ಷದ ಹಳೆಯ ಕಾಂಡವೂ ತುದಿಯಲ್ಲಿ ಮತ್ತೆ ಹೂ ಬಿಡುತ್ತದೆ. ಕಂದು ಬಣ್ಣಕ್ಕೆ ತಿರುಗಿ ಪೊಳ್ಳಾದದ್ದನ್ನಷ್ಟೇ ತೆಗೆಯಿರಿ.

ಕಿಟಕಿಯೋ, ಟ್ಯೂಬೋ?

ಕೆಂಪುಕಲ್ಲಿನ ಗೋಡೆ, ತಗ್ಗಿದ ಮಾಡಿನ ಮನೆಗಳಲ್ಲಿ ಕಣ್ಣಿಗೆ ಬೆಳಕೆನಿಸುವುದು ಡೆಂಡ್ರೋಬಿಯಂಗೆ ಕತ್ತಲೆ. ಪೂರ್ವದ ಕಿಟಕಿಗೆ ಒಂದಡಿ ದೂರದೊಳಗೆ ಮೂರು ನಾಲ್ಕು ತಾಸು ಎಳೆಬಿಸಿಲು ಬಿದ್ದರೆ ಸಾಕು. ಪಶ್ಚಿಮದ ಬಿಸಿಲು ಏಪ್ರಿಲ್‌ನಲ್ಲಿ ಎಲೆ ಸುಡುತ್ತದೆ, ತೆಳು ಬಿಳಿ ಪರದೆ ಬೇಕು. ಎಲೆಯ ಬಣ್ಣವೇ ಅಳತೆ: ಕಡುಹಸಿರು ಎಂದರೆ ಬೆಳಕು ಕಮ್ಮಿ, ಹೂವಿಲ್ಲ, ಎಳೆ ಹುಲ್ಲಿನ ಹಸಿರು ಸರಿ, ಹಳದಿಗೆ ತಿರುಗಿ ಬಿಳಿ ಮಚ್ಚೆ ಬಿದ್ದರೆ ಜಾಸ್ತಿ.

ಜೂನ್ ಬಂತೆಂದರೆ ಪೂರ್ವದ ಕಿಟಕಿಯೂ ಕೈಕೊಡುತ್ತದೆ. ಆಗ 20 ವ್ಯಾಟಿನ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್ ಎರಡನ್ನು ಜೋಡಿಸಿ, ಎಲೆಯ ತುದಿಯಿಂದ ಎಂಟು ಹತ್ತು ಇಂಚು ಮೇಲೆ ತೂಗುಹಾಕಿ 12 ತಾಸು ಉರಿಸಿದರೆ ಹೊಸ ಕಾಂಡ ಬಡಕಲಾಗುವುದು ತಪ್ಪುತ್ತದೆ. ನೇರಳೆ ಬಣ್ಣದ ಗ್ರೋ ಲೈಟ್ ಹೆಚ್ಚು ದುಡ್ಡು ತಿಂದು ಹೆಚ್ಚೇನೂ ಕೊಡಲಿಲ್ಲ; ಮೇಲಾಗಿ ಆ ಬೆಳಕಿನಲ್ಲಿ ಎಲೆಯ ಬಣ್ಣವೂ ತಿಳಿಯದು, ಹಿಟ್ಟು ತಿಗಣೆ ಕೂತದ್ದೂ ಕಾಣದು. ಉಳಿದ ದುಡ್ಡಿಗೆ ಒಂದು ಸಣ್ಣ ಫ್ಯಾನ್ ತಂದು ಗೋಡೆಗೆ ಮುಖ ಮಾಡಿ ನಿಧಾನಕ್ಕೆ ತಿರುಗಿಸಿ. ಮಳೆಗಾಲದಲ್ಲಿ ಗೊಬ್ಬರಕ್ಕಿಂತ ಗಾಳಿ ಮುಖ್ಯ. ಎಳೆ ಚಿಗುರಿನ ಕುಡಿಯಲ್ಲಿ ರಾತ್ರಿ ನೀರು ನಿಂತರೆ ಬೆಳಗ್ಗೆಗೆ ಕಪ್ಪಾಗುತ್ತದೆ. ಕಪ್ಪು ಭಾಗದಿಂದ ಒಂದಿಂಚು ಕೆಳಗೆ, ಬಿಳಿ ತಿರುಳು ಕಾಣುವಲ್ಲಿ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಿ. ಬೇರಿಗೆ ಆ ಪುಡಿ ತಾಗಬಾರದು, ಒಣಗಿಸಿಬಿಡುತ್ತದೆ.

ಕಾರವಾರಕ್ಕೊಂದು, ಶಿರಸಿಗೊಂದು

ಡೆಂಡ್ರೋಬಿಯಂ ಎಂದು ಮಾರುವುದರಲ್ಲಿ ಎರಡು ಗುಂಪು. ಸೋನಿಯಾದಂಥವು ಕಾಂಡದ ತುದಿಯಿಂದ ಉದ್ದ ಹೂದಂಡೆ ಬಿಡುತ್ತವೆ, ಸೆಕೆ ಇಷ್ಟ. ನೊಬಿಲೆ ಗುಂಪಿನವು ಕಾಂಡದುದ್ದಕ್ಕೂ ಗೆಣ್ಣುಗೆಣ್ಣಿಗೆ ಹೂ ಮೆತ್ತಿಕೊಳ್ಳುತ್ತವೆ. ಮೊಗ್ಗು ಕಟ್ಟಲು ಚಳಿಗಾಲದಲ್ಲಿ ನಾಲ್ಕೈದು ವಾರ 15 ಡಿಗ್ರಿಗಿಂತ ತಣ್ಣಗಿನ ರಾತ್ರಿ ಬೇಕು. ಕಾರವಾರ, ಅಂಕೋಲಾ, ಕುಮಟಾದ ಸಮುದ್ರದಂಚಿನಲ್ಲಿ ಆ ಚಳಿ ಇಲ್ಲ. ಅಲ್ಲಿ ನೊಬಿಲೆ ಹೂವಿನ ಬದಲು ಗೆಣ್ಣಿಗೊಂದು ಮರಿ ಹಾಕುತ್ತದೆ, ಗಿಡದ್ದು ತಪ್ಪಲ್ಲ. ಘಟ್ಟದ ಮೇಲೆ ಶಿರಸಿಯಲ್ಲಿ, ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಜಗಲಿಯ ಹೊರಗಂಚಿಗೆ ಇಟ್ಟು, ಸೆಪ್ಟೆಂಬರ್‌ನಿಂದಲೇ ಗೊಬ್ಬರ ನಿಲ್ಲಿಸಿ, ವಾರಕ್ಕೊಮ್ಮೆ ನಾಲಿಗೆ ನೆನೆಯುವಷ್ಟೇ ನೀರು ಕೊಟ್ಟರೆ ದಾರಿಗೆ ಬರುತ್ತದೆ. ಸೋನಿಯಾಕ್ಕೆ ಈ ಉಪವಾಸ ಹಾಕಬೇಡಿ; ರಾತ್ರಿ ತುಂಬ ತಣ್ಣಗಾದರೆ ಎಲೆ ಉದುರಿಸುತ್ತದೆ, ಶಿರಸಿಯ ಚಳಿಯಲ್ಲಿ ಅದು ಒಳಗೇ ಇರಲಿ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮರಗಳ ಮೇಲೆ ಎಲೆಯಿಲ್ಲದ ಕಾಂಡದಲ್ಲಿ ಬೆಳ್ಳಗೆ ಅರಳುವ ಬಾರ್ಬಾಟುಲಂ ಎಂಬ ಕಾಡು ಡೆಂಡ್ರೋಬಿಯಂ ಕಂಡು ಆಸೆಯಾದರೂ ಕಿತ್ತು ತರಬೇಡಿ. ಮನೆಯೊಳಗೆ ಬಾಳುವುದಿಲ್ಲ, ಕಾಡಿನ ಸೀತಾಳೆ ಕೀಳಲು ಕಾನೂನೂ ಬಿಡುವುದಿಲ್ಲ.

ಗೊಬ್ಬರ ಸರಳ: ಬೆಳೆಯುವಾಗ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಿರುವ 19:19:19 ವಾರಕ್ಕೊಮ್ಮೆ ಲೀಟರಿಗೆ 1 ಗ್ರಾಂ, ಮೊದಲು ಬೇರು ನೆನೆಸಿ ಆಮೇಲೆ. ಹೊಸ ಕಾಂಡ ತುದಿಯೆಲೆ ಬಿಚ್ಚಿ ಬಲಿತ ಮೇಲೆ ಸಾರಜನಕವಿಲ್ಲದ 0:52:34, ಅರ್ಧ ಗ್ರಾಂ, ನಾಲ್ಕು ವಾರ. ಗೋಮೂತ್ರ ಮನೆಯೊಳಗೆ ವಾಸನೆಗೇ ಸೋಲುತ್ತದೆ. ನೀರಿನ ವಿಷಯದಲ್ಲಿ ಮಾತ್ರ ಕಡಲಂಚಿನವರು ಎಚ್ಚರ. ಏಪ್ರಿಲ್-ಮೇನಲ್ಲಿ ಬಾವಿ ಉಪ್ಪಾಗುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶದ ಅಳತೆ) 400 ದಾಟಿದರೆ ಎಲೆತುದಿ ಸುಡಲು ಶುರು. ಮಾಡಿನ ಮಳೆನೀರನ್ನು ಡ್ರಮ್ಮಿನಲ್ಲಿ ಮುಚ್ಚಿಟ್ಟುಕೊಂಡರೆ ಆ ಎರಡು ತಿಂಗಳು ದಾಟಬಹುದು.

ಮೊಗ್ಗು ಹಳದಿಯಾಗಿ ಉದುರಿದರೆ ನೀರು, ಗೊಬ್ಬರ ಎಂದು ತಡಕಾಡುವ ಮೊದಲು ಕೋಣೆ ನೋಡಿ. ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಮಾವು, ತೂಗುಹಾಕಿದ ಬಾಳೆಗೊನೆ ಬಿಡುವ ಎಥಿಲೀನ್ ಸಾಕು, ಎರಡು ದಿನದಲ್ಲಿ ದಂಡೆ ಬೋಳು. ಇನ್ನೊಂದು ಅಪಾಯ ತೋಟದವರ ಮನೆಯಲ್ಲೇ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತು-ಸುಣ್ಣದ ಮಿಶ್ರಣ) ಹೇಗೂ ಶಿಲೀಂಧ್ರನಾಶಕವಲ್ಲವೇ ಎಂದು ಆರ್ಕಿಡ್‌ಗೂ ಚಿಮುಕಿಸುವುದುಂಟು. ಅಡಿಕೆಗೆ ಆಗಿಬರುವ ಮೈಲುತುತ್ತಿನ ತಾಮ್ರ ಡೆಂಡ್ರೋಬಿಯಂಗೆ ವಿಷ: ಬೇರಿನ ತುದಿ, ಚಿಗುರು, ಮೊಗ್ಗು ಒಟ್ಟಿಗೇ ಕರಗುತ್ತವೆ. ಔಷಧ ಹೊಡೆಯುವ ದಿನ ಜಗಲಿಯ ಕುಂಡಗಳನ್ನು ಒಳಗಿಟ್ಟು ಕಿಟಕಿ ಹಾಕಿಕೊಳ್ಳಿ, ಪಂಪಿನ ಕ್ಯಾನು ತೊಳೆದ ನೀರನ್ನೂ ಇವಕ್ಕೆ ಹೊಯ್ಯಬೇಡಿ.