ಈವೀ 4000ಎಸ್, ಒಂಬತ್ತು ವರ್ಷದ ನಂತರ: ಪ್ಯಾಚ್ ಕಳಿಸಬಹುದು, ಉಸಿರು ಕಳಿಸಲಾಗುವುದಿಲ್ಲ

ನಮ್ಮದು ಮಂಗಳೂರು ಕಡೆ. ಇಲ್ಲಿ ಮದುವೆ ಅಂದರೆ ಸ್ಯಾಕ್ಸೊಫೋನ್, ಜಾತ್ರೆ ಅಂದರೂ ಸ್ಯಾಕ್ಸೊಫೋನ್. ಕದ್ರಿ ಗೋಪಾಲನಾಥರು ಆ ವಾದ್ಯವನ್ನು ಗಮಕಕ್ಕೆ, ಅಂದರೆ ಕರ್ನಾಟಕ ಸಂಗೀತದಲ್ಲಿ ಸ್ವರವನ್ನು ಬಗ್ಗಿಸಿ ಆಡಿಸುವ ರೀತಿಗೆ, ಒಗ್ಗಿಸಿದ ಮೇಲೆ ನಮ್ಮೂರಲ್ಲಿ ಅದನ್ನು ಯಾರೂ ಪರದೇಶದ್ದು ಅನ್ನುವುದಿಲ್ಲ. ನಾನೂ ಅದನ್ನೇ ನುಡಿಸುವವನು. ತೊಂದರೆ ಏನೆಂದರೆ ಅಭ್ಯಾಸಕ್ಕೆ ಪುರುಸೊತ್ತು ಸಿಗುವುದು ರಾತ್ರಿ ಹತ್ತರ ಮೇಲೆ. ಎರಡು ಸ್ವರ ಊದುವಷ್ಟರಲ್ಲಿ ಪಕ್ಕದ ಮನೆಯ ಕಿಟಕಿ ಮುಚ್ಚುವ ಸದ್ದು ಕೇಳುತ್ತಿತ್ತು. ಅದು ಕೇಳಿ ಕೇಳಿ ಸಾಕಾಗಿ, ದುಬೈಯಲ್ಲಿದ್ದ ಭಾವನಿಗೆ ಹೇಳಿ ಅಕಾಯ್ ಕಂಪನಿಯ ಈವೀ 4000ಎಸ್ ಒಂದನ್ನು ಸೆಕೆಂಡ್ ಹ್ಯಾಂಡ್ ತರಿಸಿಕೊಂಡೆ. ಈಗ ಒಂಬತ್ತು ವರ್ಷ ಆಯಿತು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಈವೀ ಅಂದರೆ ಊದುವ ಸಿಂಥಸೈಜರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ. ಅಮೆರಿಕದ ನೈಲ್ ಸ್ಟೈನರ್ ಎಂಬವರ ಕಲ್ಪನೆ ಇದು, ಅಕಾಯ್ 1987ರಿಂದ ಮಾಡುತ್ತಾ ಬಂತು. ಜಾಝ್ ಕೇಳುವವರಿಗೆ ಸ್ಯಾಕ್ಸೊಫೋನ್ ವಾದಕ ಮೈಕೆಲ್ ಬ್ರೆಕರ್ ಕೈಯಲ್ಲಿ ಇದನ್ನು ನೋಡಿದ ನೆನಪಿರಬಹುದು. ಆಗ ಸದ್ದು ಬರಬೇಕಾದರೆ ಜೊತೆಗೊಂದು ಸಿಂಥಸೈಜರ್ ಇಟ್ಟುಕೊಳ್ಳಬೇಕಿತ್ತು. 4000ಎಸ್‌ನಲ್ಲಿ ಅದು ಒಳಗೇ ಇದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿ, ಹೆಡ್‌ಫೋನ್ ಚುಚ್ಚಿ, ಊದಿದರೆ ಆಯಿತು. ಕೀಲಿಗಳು ಒತ್ತಿದರೆ ಕೆಳಗೆ ಹೋಗುವುದಿಲ್ಲ, ಬರೀ ಚರ್ಮದ ಸ್ಪರ್ಶ ಸಾಕು. ಎಡ ಹೆಬ್ಬೆರಳಿಗೆ ಸ್ಥಾಯಿ ಬದಲಾಯಿಸುವ ಉರುಳೆಗಳು, ಬಲ ಹೆಬ್ಬೆರಳಿಗೆ ಸ್ವರ ಬಗ್ಗಿಸುವ ತಗಡುಗಳು. ಬಾಯಿತುದಿಯನ್ನು ಕಚ್ಚಿದರೆ ಕಂಪನ.

ಯಂತ್ರದ ಬಗ್ಗೆ ಇಷ್ಟು ಸಾಕು. ಇದು ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುವ ಮಾಡೆಲ್ ಅಲ್ಲ. ನಾನು ಬರೆಯಬೇಕೆಂದಿದ್ದು ಅದರೊಳಗಿನ ಧ್ವನಿಗಳ ಬಗ್ಗೆ, ಅಂದರೆ ಪ್ಯಾಚ್‌ಗಳ ಬಗ್ಗೆ.

ಒಳಗೆ ನೂರು ಪ್ಯಾಚ್‌ಗೆ ಜಾಗ ಇದೆ. ಕಂಪನಿ ತುಂಬಿಕೊಟ್ಟಿದ್ದರಲ್ಲಿ ನನಗೆ ಹಿಡಿಸಿದ್ದು ಎಂಟೋ ಹತ್ತೋ. ಉಳಿದವು ಜಾಝ್, ರಾಕ್ ನುಡಿಸುವವರಿಗೆ. ಅದು ತಪ್ಪಲ್ಲ, ಅವರಿಗಾಗಿ ಮಾಡಿದ್ದೇ ತಾನೆ. ಆದರೆ ಪ್ಯಾಚ್ ಅಂದರೆ ರೆಕಾರ್ಡ್ ಮಾಡಿದ ಸದ್ದಲ್ಲ, ಬರೀ ಅಂಕಿಗಳ ಪಟ್ಟಿ. ಯಾವ ಅಲೆ ಎಷ್ಟು ಬೇಕು, ಸದ್ದಿನ ಹೊಳಪನ್ನು ಹದ ಮಾಡುವ ಫಿಲ್ಟರ್ ಎಲ್ಲಿ ತೆರೆಯಬೇಕು, ಉಸಿರು ಯಾವುದನ್ನು ಎಷ್ಟು ತಳ್ಳಬೇಕು, ಇಷ್ಟೇ. ಇನ್ನೂರು ಚಿಲ್ಲರೆ ಬೈಟ್. ಈ ಬರಹದ ಒಂದು ಪ್ಯಾರಾಕ್ಕಿಂತ ಚಿಕ್ಕದು. ಹಾಗಾಗಿ ಒಬ್ಬ ಮಾಡಿದ್ದನ್ನು ಇನ್ನೊಬ್ಬನಿಗೆ ಕಳಿಸುವುದು ಸುಲಭ. ಈವೀಟೂಲ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಓಪನ್ ಸೋರ್ಸ್. ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸಿ ಒಂದೊಂದು ಅಂಕಿಯನ್ನೂ ತಿದ್ದಬಹುದು, ಪ್ಯಾಚ್‌ಗಳನ್ನು ಸೇರಿಸಿಡಬಹುದು, ಬೇರೆಯವರದ್ದನ್ನು ತರಬಹುದು. ಕಾಸು ಕೊಡದೆ ಸಿಕ್ಕಿದ ಸಾಮಾನುಗಳಲ್ಲಿ ನಾನು ಇಷ್ಟು ಬಳಸಿದ್ದು ಇನ್ನೊಂದಿಲ್ಲ.

ಮೊದಲ ವರ್ಷ ನನಗೆ ಆಸೆಬುರುಕತನ. ಸಿಕ್ಕಸಿಕ್ಕ ಪ್ಯಾಚ್ ಎಲ್ಲ ತುಂಬಿಕೊಂಡೆ. ಒಂದು ಟ್ರಂಪೆಟ್ ಪ್ಯಾಚ್ ಬಗ್ಗೆ ಎಲ್ಲರೂ ಹೊಗಳಿದ್ದರು. ನಾನು ಊದಿದರೆ ಸದ್ದೇ ಇಲ್ಲ. ಜೋರಾಗಿ ಊದಿದೆ, ಒಮ್ಮೆಲೇ ಕಿವಿ ಹರಿಯುವ ಹಾಗೆ ಕಿರುಚಿತು. ಮಧ್ಯೆ ಏನೂ ಇಲ್ಲ. ಒಂದು ವಾರ ಪ್ಯಾಚ್ ಮಾಡಿದವನನ್ನೇ ಮನಸ್ಸಲ್ಲಿ ಬೈದೆ. ಆಮೇಲೆ ಗೊತ್ತಾಯಿತು. ಉಸಿರಿನ ಸೂಕ್ಷ್ಮತೆ ಎಷ್ಟು ಅನ್ನುವುದು ವಾದ್ಯದ ಸೆಟ್ಟಿಂಗ್, ಪ್ಯಾಚ್‌ನ ಒಳಗೆ ಇರುವುದಿಲ್ಲ. ಅವನ ವಾದ್ಯದಲ್ಲಿ ಅದನ್ನು ಜಾಸ್ತಿ ಇಟ್ಟಿದ್ದ, ನನ್ನದರಲ್ಲಿ ಕಡಿಮೆ. ಅವನ ಅಂಗಿಯ ಅಳತೆಯಲ್ಲಿ ಹೊಲಿದದ್ದನ್ನು ನಾನು ತೊಟ್ಟು, ದರ್ಜಿ ಸರಿ ಇಲ್ಲ ಅಂದ ಹಾಗಾಯಿತು.

ಅಲ್ಲಿಂದ ಮುಂದೆ ಯಾವ ಪ್ಯಾಚ್ ತಂದರೂ ಮೊದಲು ನೋಡುವುದು ಮೂರೇ ಜಾಗ: ಉಸಿರು ಎಷ್ಟಾದ ಮೇಲೆ ಸದ್ದು ಶುರುವಾಗಬೇಕು, ಅದು ಏರುವ ಗೆರೆ ಹೇಗಿದೆ, ಫಿಲ್ಟರಿಗೆ ಉಸಿರಿನ ಪಾಲು ಎಷ್ಟು. ಹತ್ತರಲ್ಲಿ ಎಂಟು ಪ್ಯಾಚ್ ಇಷ್ಟರಲ್ಲೇ ಸರಿಹೋಗುತ್ತವೆ.

ಆಮೇಲೆ ನಾನೇ ಮಾಡಲು ಕೂತೆ. ನಾಗಸ್ವರದ ಹತ್ತಿರ ಬರುವ ಒಂದು ಧ್ವನಿ ಬೇಕಿತ್ತು. ಮೊದಲ ಪ್ರಯತ್ನ ಸುಮ್ನೆ ಸೊಳ್ಳೆ ಹಾಡಿದ ಹಾಗಿತ್ತು. ಗರಗಸದ ಹಲ್ಲಿನ ಆಕಾರದ ಅಲೆ ಒಂದು, ಪಲ್ಸ್ ಅಲೆ ಇನ್ನೊಂದು, ಎರಡನೆಯದನ್ನು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಇಟ್ಟೆ. ಧ್ವನಿ ದಪ್ಪ ಆಯಿತು, ಆದರೆ ನಾಗಸ್ವರ ಆಗಲಿಲ್ಲ. ತಪ್ಪು ಅಲೆಯಲ್ಲಿ ಇರಲಿಲ್ಲ. ಮೆಲ್ಲಗೆ ಊದಿದರೆ ಮೆಲ್ಲಗೆ, ಜೋರಾಗಿ ಊದಿದರೆ ಜೋರಾಗಿ ಬರುವಂತೆ ಮಾಡಿದ್ದೆ. ನಾಗಸ್ವರ ಹಾಗೆ ಪಿಸುಗುಟ್ಟುವ ವಾದ್ಯವಲ್ಲ ಅಲ್ವಾ? ಅದು ಬಂದರೆ ಪೂರ್ತಿ ಬರುತ್ತದೆ. ಹಾಗಾಗಿ ಸದ್ದು ಶುರುವಾಗುವ ಮಿತಿಯನ್ನು ಮೇಲಕ್ಕೆ ಏರಿಸಿದೆ. ಗಟ್ಟಿ-ಮೆಲುವಿನ ಮೇಲೆ ಉಸಿರಿನ ಹಿಡಿತ ಕಡಿಮೆ ಮಾಡಿ, ಫಿಲ್ಟರ್ ಮೇಲೆ ಜಾಸ್ತಿ ಮಾಡಿದೆ. ಈಗ ಉಸಿರು ಹೆಚ್ಚಿಸಿದರೆ ಸದ್ದು ದೊಡ್ಡದಾಗುವ ಬದಲು ಹೊಳಪಾಗುತ್ತದೆ. ಅಂದು ರಾತ್ರಿ ಒಂದೂವರೆವರೆಗೆ ಕೂತಿದ್ದೆ.

ಇನ್ನೊಂದು ಕಷ್ಟ ಗಮಕದ್ದು. ಕೊಳಲಿನಲ್ಲಿ ಬೆರಳನ್ನು ಅರ್ಧ ಎತ್ತಬಹುದು. ಇಲ್ಲಿ ಕೀಲಿಗೆ ಅರ್ಧ ಅನ್ನುವುದೇ ಇಲ್ಲ, ಮುಟ್ಟಿದೆ ಅಥವಾ ಬಿಟ್ಟೆ. ಎಲ್ಲ ಭಾರ ಬಲ ಹೆಬ್ಬೆರಳಿನ ಮೇಲೆ. ತೋಡಿ ರಾಗದ ಗಾಂಧಾರ ಮಧ್ಯಮದ ತನಕ ಹೋಗಿ ಬರಬೇಕು, ಅದು ಎರಡು ಅರ್ಧಸ್ವರದ ದೂರ. ಪ್ಯಾಚ್‌ನಲ್ಲಿ ಬಗ್ಗಿಸುವ ಮಿತಿಯನ್ನು ಸರಿಯಾಗಿ ಎರಡಕ್ಕೆ ಇಟ್ಟರೆ, ಹೆಬ್ಬೆರಳನ್ನು ತಗಡಿನ ಮೇಲೆ ಪೂರ್ತಿ ಜಾರಿಸಿದಾಗ ಮಧ್ಯಮ ಸಿಗುತ್ತದೆ. ಒಂದಕ್ಕಿಟ್ಟರೆ ತೋಡಿ ಸಾಯುತ್ತದೆ. ಹನ್ನೆರಡಕ್ಕಿಟ್ಟರೆ ಆಂಬುಲೆನ್ಸ್. ಹಾಗೇ ಬೆರಳು ಬದಲಾದಾಗೆಲ್ಲ ಧ್ವನಿ ಹೊಸದಾಗಿ ಶುರುವಾಗಬೇಕೋ ಬೇಡವೋ ಅಂತ ಒಂದು ಆಯ್ಕೆ ಇದೆ. ಬೇಕು ಅಂತ ಇಟ್ಟರೆ ಬಿರ್ಕಾಗಳು, ಅಂದರೆ ವೇಗದ ಸ್ವರಗುಚ್ಛಗಳು, ಟೈಪ್‌ರೈಟರ್ ಕುಟ್ಟಿದಂತೆ ಬರುತ್ತವೆ. ಬೇಡ ಅಂತ ಇಟ್ಟು, ಒಂದೇ ಸ್ವರ ಎರಡೆರಡು ಸಲ ಬರುವ ಜಂಟಿವರಸೆಯ ಎರಡನೇ ಸ್ವರಕ್ಕೆ ನಾಲಿಗೆ ಬಳಸಬೇಕು. ಸ್ಯಾಕ್ಸೊಫೋನ್‌ನವರಿಗೆ ಇದು ಹೊಸತಲ್ಲ.

ನಮ್ಮ ಮಾವ ನಿಜವಾದ ನಾಗಸ್ವರದವರು. ಹೆಡ್‌ಫೋನ್ ಅವರ ಕಿವಿಗೆ ಹಾಕಿ ನುಡಿಸಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು.

"ಇದು ನಾಗಸ್ವರ ಅಲ್ಲ ಮಾರಾಯ," ಅಂದರು. ಸ್ವಲ್ಪ ಬಿಟ್ಟು, "ಅಲ್ಲದಿದ್ದರೆ ಮತ್ತೆ ಎಂತದು ಅಂತ ನನಗೂ ಹೇಳಲಿಕ್ಕೆ ಬರುವುದಿಲ್ಲ."

ಅಷ್ಟು ಸಿಕ್ಕಿದ್ದೇ ಸಾಕು ಅಂತ ಪ್ಯಾಚ್ ಹಂಚಿದೆ. ಮೂರು ತಿಂಗಳಾದ ಮೇಲೆ ಬ್ರೆಜಿಲ್‌ನ ಒಬ್ಬರಿಂದ ಪತ್ರ. ಊದಿದರೆ ಸದ್ದೇ ಇಲ್ಲ, ಜೋರಾಗಿ ಊದಿದರೆ ಕಿರುಚುತ್ತದೆ ಅಂತ! ಓದಿ ನಗು ಬಂತು, ನಾಚಿಕೆಯೂ ಆಯಿತು. ನಾನೂ ಅಂಕಿ ಮಾತ್ರ ಕಳಿಸಿದ್ದೆ, ಜೊತೆಗೆ ಒಂದು ಸಾಲು ಬರೆದಿರಲಿಲ್ಲ. ಈಗ ಯಾವ ಪ್ಯಾಚ್ ಕೊಟ್ಟರೂ ಒಂದು ಚೀಟಿ ಇರುತ್ತದೆ: ನನ್ನ ವಾದ್ಯದ ಉಸಿರಿನ ಸೆಟ್ಟಿಂಗ್ ಎಷ್ಟು, ಬಗ್ಗಿಸುವ ಮಿತಿ ಎಷ್ಟು, ಕಚ್ಚಿದರೆ ಕಂಪನ ಇದೆಯೋ ಇಲ್ಲವೋ, ಯಾವ ಸ್ಥಾಯಿಯಲ್ಲಿ ಚೆನ್ನಾಗಿದೆ. ಬೇರೆಯವರ ಪ್ಯಾಚ್‌ಗಳಲ್ಲೂ ಚೀಟಿ ಇಲ್ಲದ್ದನ್ನು ನಾನು ಈಗ ತೆರೆಯುವುದೇ ಅಪರೂಪ.

ಹೊಸಬರಿಗೆ ಎರಡು ಎಚ್ಚರಿಕೆ. 4000ಎಸ್‌ನಲ್ಲಿ ಯುಎಸ್‌ಬಿ ಇಲ್ಲ, ಹಳೇ ಐದು ಪಿನ್‌ನ ಮಿಡಿ ಕಿಂಡಿ (ವಾದ್ಯಗಳೂ ಕಂಪ್ಯೂಟರೂ ಸಂದೇಶ ಕಳಿಸಿಕೊಳ್ಳುವ ಪದ್ಧತಿ ಮಿಡಿ). ಅದಕ್ಕೆ ಯುಎಸ್‌ಬಿ-ಮಿಡಿ ಕೇಬಲ್ ಬೇಕು. ನಾನು ಅಗ್ಗಕ್ಕೆ ಆಸೆಪಟ್ಟು ಹೆಸರಿಲ್ಲದ ಒಂದನ್ನು ತರಿಸಿದೆ. ಸ್ವರಗಳು ಚೆನ್ನಾಗೇ ಹೋಗುತ್ತಿದ್ದವು, ಪ್ಯಾಚ್ ಕಳಿಸಿದರೆ ಅರ್ಧ ದಾರಿಯಲ್ಲಿ ನುಂಗಿಬಿಡುತ್ತಿತ್ತು. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಅಂದರೆ ಒಂದು ಪ್ಯಾಚ್ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಅಷ್ಟನ್ನೂ ತಡೆದುಕೊಳ್ಳದ ಕೇಬಲ್ ಅದು. ವಾದ್ಯವೇ ಕೆಟ್ಟಿದೆ ಅಂತ ಹದಿನೈದು ದಿನ ನಿದ್ದೆಗೆಟ್ಟೆ. ಕೇಬಲ್ ಬದಲಾಯಿಸಿದ ಸಂಜೆಯೇ ಎಲ್ಲ ಸರಿ.

ಎರಡನೆಯದು ಪೂರ್ತಿ ನನ್ನದೇ ಪೆದ್ದುತನ. ನೂರೂ ಪ್ಯಾಚ್‌ಗಳ ಪ್ರತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳದೆ, ತಪ್ಪು ನಂಬರಿಗೆ ಹೊಸ ಪ್ಯಾಚ್ ಕಳಿಸಿದೆ. ಅಲ್ಲಿದ್ದ, ಎರಡು ತಿಂಗಳು ತಿದ್ದಿದ್ದ ಕೊಳಲಿನ ಧ್ವನಿ ಹೋಯಿತು. ಮತ್ತೆ ಅದೇ ಬರಲಿಲ್ಲ. ಈಗ ಇರುವುದು ಅದರ ತಮ್ಮ.

ಹೆಸರಿನದ್ದೂ ಒಂದು ರಗಳೆ. ಮಿಡಿಯಲ್ಲಿ ಕನ್ನಡ ಅಕ್ಷರ ಹಿಡಿಸುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಹೆಸರಿಡಬೇಕು. ಇಟ್ಟರೂ ವಾದ್ಯದ ಮೇಲೆ ಕಾಣುವುದು ನಂಬರ್ ಮಾತ್ರ. ಹಾಗಾಗಿ ಪೆಟ್ಟಿಗೆಯ ಮುಚ್ಚಳದ ಒಳಗೆ ಕ್ಯಾಲೆಂಡರ್ ಹಾಳೆಯ ಹಿಂಬದಿ ಅಂಟಿಸಿ, ಪೆನ್ಸಿಲಿನಲ್ಲಿ ಕನ್ನಡದಲ್ಲೇ ಪಟ್ಟಿ ಬರೆದಿದ್ದೇನೆ. ಎಷ್ಟು ಸಲ ಅಳಿಸಿ ಬರೆದಿದ್ದೇನೆಂದರೆ 40ನೇ ನಂಬರಿನ ಆಸುಪಾಸು ಕಾಗದ ತೂತು ಬಿದ್ದಿದೆ.

ಈಗ ಊದುವ ಸಿಂಥಸೈಜರ್ ಕೊಳ್ಳುವವರು ಇದನ್ನೇ ಹುಡುಕಬೇಕಾ? ಬೇಡ. ಹೊಸ ಮಾಡೆಲ್‌ಗಳು ಬಂದಿವೆ, ರೋಲ್ಯಾಂಡ್‌ನ ಏರೋಫೋನ್ ಇದೆ. ಆದರೆ ಒಂದರ ಪ್ಯಾಚ್ ಇನ್ನೊಂದಕ್ಕೆ ಆಗುವುದಿಲ್ಲ, ನಾನು ಒಂಬತ್ತು ವರ್ಷ ಕೂಡಿಸಿದ್ದು ನಿಮ್ಮ ವಾದ್ಯಕ್ಕೆ ಬರೀ ಕಸ. ಹೆಚ್ಚು ಜನರ ಜೊತೆ ಹಂಚಬೇಕು ಅಂತಿದ್ದರೆ ಕಂಪ್ಯೂಟರಿನ ಸಿಂಥಸೈಜರ್‌ನಲ್ಲಿ ಪ್ಯಾಚ್ ಮಾಡಿ. ಸರ್ಜ್ ಅಂತ ಅಂಥದ್ದೊಂದಿದೆ, ಉಚಿತ, ಉಸಿರಿನ ಸಂದೇಶವನ್ನು ನೇರ ಹಿಡಿಯುತ್ತದೆ, ಯಾವ ಕಂಪನಿಯ ಊದುವ ವಾದ್ಯ ಜೋಡಿಸಿದರೂ ನುಡಿಯುತ್ತದೆ. ನಾನೂ ಈಗ ಎರಡೂ ಕಡೆ ಮಾಡುತ್ತೇನೆ. ದುಡ್ಡು ಕೊಟ್ಟು ಕೊಂಡ ಪ್ಯಾಚ್‌ಗಳನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಯಾರೋ ವರ್ಷಗಟ್ಟಲೆ ಕೂತು ಮಾಡಿದ್ದು ಅದು, ಕೇಳಿ ಮುಜುಗರ ಮಾಡಬೇಡಿ.

ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ಐದು ಪಿನ್ ಕಿಂಡಿಗೆ.

ಹೋದ ತಿಂಗಳು ಪುತ್ತೂರಿನ ಒಬ್ಬ ಹುಡುಗ ನಾಗಸ್ವರದ ಪ್ಯಾಚ್ ಕೇಳಿದ. ಚೀಟಿ ಸಮೇತ ಕಳಿಸಿದೆ. ನಾಲ್ಕು ದಿನ ಬಿಟ್ಟು ಅವನೇ ತಿದ್ದಿ ವಾಪಸ್ ಕಳಿಸಿದ. ಉಸಿರಿನ ಮಿತಿ ಇಳಿಸಿದ್ದ, ಊದುವ ಮೊದಲ ಕ್ಷಣಕ್ಕೆ ಗಾಳಿಯ ಸದ್ದು ಒಂದಿಷ್ಟು ಸೇರಿಸಿದ್ದ. ಅವನ ಚೀಟಿ ನನ್ನದಕ್ಕಿಂತ ಉದ್ದ ಇತ್ತು. ಮಾವನಿಗೆ ಎರಡನ್ನೂ ಕೇಳಿಸಿದೆ, ಯಾವುದು ಯಾರದ್ದು ಅಂತ ಹೇಳಲಿಲ್ಲ. ಪೆಟ್ಟಿಗೆಯ ಪಟ್ಟಿಯಲ್ಲಿ ಈಗ 42 ಹುಡುಗನದ್ದು. ನನ್ನದು 43ಕ್ಕೆ ಹೋಗಿದೆ.