ಕರಗಿ ಬಂದ ಸೀರಮ್ ಬಾಟಲಿಯಿಂದ ಹಾಳಾದ ಮೂರು ತಿಂಗಳು

ಕಲಬುರಗಿಯಲ್ಲಿ ರಕ್ತದಿಂದ ಟಿ ಕೋಶಗಳನ್ನು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು) ಬೇರ್ಪಡಿಸಿ ಬೆಳೆಸಲು ಹೊರಟಿರುವ ಸಂಶೋಧನಾ ವಿದ್ಯಾರ್ಥಿಗಳು, ಅದರಲ್ಲೂ ಬೇಸಿಗೆಯಲ್ಲಿ ಸಾಮಗ್ರಿ ತರಿಸಿಕೊಳ್ಳುವವರು, ದಯವಿಟ್ಟು ಇದನ್ನು ಓದಬೇಕು.

ಸಕ್ಕರೆ ಕಾಯಿಲೆ ಇರುವವರ ಟಿ ಕೋಶಗಳು ಆರೋಗ್ಯವಂತರ ಕೋಶಗಳಷ್ಟೇ ಚುರುಕಾಗಿ ವಿಭಜನೆಯಾಗುತ್ತವೆಯೇ ಎಂಬುದು ನಮ್ಮ ಪ್ರಶ್ನೆಯಾಗಿತ್ತು. ಆರೋಗ್ಯವಂತರ ಮಾದರಿಗಳನ್ನು ಏಪ್ರಿಲ್ ಒಳಗೇ ಮುಗಿಸಿದೆವು. ಅಷ್ಟರಲ್ಲಿ, ಕೋಶಗಳ ಪೋಷಣೆಗೆಂದು ಮಾಧ್ಯಮಕ್ಕೆ (ಅವು ಬೆಳೆಯುವ ದ್ರವಕ್ಕೆ) ಬೆರೆಸುವ ಸೀರಮ್ ಕೂಡ ಮುಗಿಯಿತು. ಮೇ ತಿಂಗಳ ಒಂದು ಸುಡು ಮಧ್ಯಾಹ್ನ ಬಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್‌ನ ಚೂರೂ ಉಳಿದಿರಲಿಲ್ಲ. ಮೈನಸ್ 20 ಡಿಗ್ರಿಯಲ್ಲಿ ಕಲ್ಲಿನಂತಿರಬೇಕಾದ 500 ಮಿಲಿಲೀಟರ್ ಬಾಟಲಿ, ಅಲುಗಿಸಿದರೆ ತುಳುಕುತ್ತಿತ್ತು. ಸರಬರಾಜುದಾರರಿಗೆ ಫೋನ್ ಮಾಡಿದಾಗ, "ಏನೂ ಆಗಂಗಿಲ್ರೀ ಸರ್, ಫ್ರೀಜರ್‌ನಾಗ ಇಟ್ಟುಬಿಡ್ರಿ, ಮತ್ತ ಗಟ್ಟಿ ಆಗ್ತದ" ಎಂದರು. ಗಟ್ಟಿಯೇನೋ ಆಯಿತು.

ಆ ಸೀರಮ್‌ನಲ್ಲೇ ರೋಗಿಗಳ ಮಾದರಿಗಳನ್ನು ಬೆಳೆಸಿದೆವು. ಚೆನ್ನಾಗಿ ಪ್ರಚೋದನೆಗೊಂಡ ಟಿ ಕೋಶಗಳು ಎರಡನೆಯ ದಿನಕ್ಕೆ ಗೊಂಚಲು ಗೊಂಚಲಾಗಿ ಕೂಡಿಕೊಳ್ಳುತ್ತವೆ. ಮುಂದೆ ಅವು ಹೊರಬಿಡುವ ಆಮ್ಲದಿಂದಾಗಿ ಮಾಧ್ಯಮದಲ್ಲಿರುವ ಫೀನಾಲ್ ರೆಡ್ ಎಂಬ ಸೂಚಕ ಬಣ್ಣ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ತಿರುಗುತ್ತದೆ. ನಮ್ಮ ಪ್ಲೇಟುಗಳಲ್ಲಿ ಕೋಶಗಳು ಒಂದೊಂದಾಗಿ ಚದುರಿಯೇ ಇದ್ದವು, ನಾಲ್ಕನೆಯ ದಿನವೂ ಮಾಧ್ಯಮ ಕೆಂಪಾಗಿಯೇ ಇತ್ತು. ಕಾಯಿಲೆಯೇ ಕೋಶಗಳನ್ನು ಕುಗ್ಗಿಸಿದೆ ಎಂದು ನಂಬಿ ಪ್ರಬಂಧದ ಕರಡನ್ನೂ ಬರೆಯತೊಡಗಿದೆವು. ನಿರೀಕ್ಷಿಸಿದ್ದೇ ಕಣ್ಣಿಗೆ ಬಿದ್ದಾಗ ಯಾರೂ ಬಾಟಲಿಯ ಲೇಬಲ್ ತಿರುಗಿಸಿ ನೋಡುವುದಿಲ್ಲ, ನಾವೂ ನೋಡಲಿಲ್ಲ.

ಜುಲೈನಲ್ಲಿ, ಮಾರ್ಚ್‌ನಲ್ಲಿ ಸೊಗಸಾಗಿ ಬೆಳೆದಿದ್ದ ಆರೋಗ್ಯವಂತ ಸಹೋದ್ಯೋಗಿಯೊಬ್ಬರ ರಕ್ತದ ಕೋಶಗಳನ್ನು ಮತ್ತೆ ಬೆಳೆಸಿದಾಗ ಅವೂ ಮಂಕಾಗಿದ್ದವು. ಕರೆಂಟ್ ಹೋಗಿಬರುವ ಊರಾದ್ದರಿಂದ ಮೊದಲ ಅನುಮಾನ ಇನ್‌ಕ್ಯುಬೇಟರ್ ಮೇಲೆ ಹೋಯಿತು. ಬೇರೆ ಉಪಕರಣಗಳಿಂದ ಅಳೆದರೆ 37 ಡಿಗ್ರಿ, ಶೇಕಡಾ 5 ಇಂಗಾಲದ ಡೈಆಕ್ಸೈಡ್, ಎರಡೂ ಸರಿಯಾಗಿದ್ದವು. ಟಿ ಕೋಶಗಳ ಬೆಳವಣಿಗೆಗೆ ನೆರವಾಗುವ ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನನ್ನು ಹೊಸದಾಗಿ ಹಾಕಿದರೂ ಫಲ ಸಿಗಲಿಲ್ಲ. ಕೊನೆಗೆ ಫ್ರೀಜರ್‌ನ ತಳದಲ್ಲಿ ಹಳೆಯ ಲಾಟಿನ (ಒಮ್ಮೆಗೆ ತಯಾರಾದ ಕಂತಿನ) ಸೀರಮ್ ಇದ್ದ ಒಂದು ಟ್ಯೂಬ್ ಸಿಕ್ಕಿತು. ಅದೇ ವ್ಯಕ್ತಿಯ ರಕ್ತ, ಅದೇ ದಿನ, ಅದೇ ಪ್ಲೇಟು. ಹಳೆಯ ಸೀರಮ್‌ನ ಬಾವಿಗಳು (ಪ್ಲೇಟಿನ ಸಣ್ಣ ಗುಳಿಗಳು) ಹಳದಿಗೆ ತಿರುಗಿದವು, ಹೊಸದರವು ಕೆಂಪಾಗಿಯೇ ಉಳಿದವು.

ಹಸುವಿನ ಭ್ರೂಣದ ರಕ್ತದಿಂದ ತೆಗೆಯುವ ಈ ಸೀರಮ್‌ನಲ್ಲಿ ಹಾರ್ಮೋನು ಹಾಗೂ ಬೆಳವಣಿಗೆಯ ಅಂಶಗಳ ಪ್ರಮಾಣ ಲಾಟಿನಿಂದ ಲಾಟಿಗೆ ಬದಲಾಗುತ್ತದೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಗುಣಮಟ್ಟ ಇನ್ನಷ್ಟು ಕುಸಿಯುತ್ತದೆ. ಮಾಧ್ಯಮದ ಶೇಕಡಾ 10 ಭಾಗ ಅದೇ ಆಗಿದ್ದರಿಂದ ನಾವು ಹೋಲಿಸಿದ್ದು ಎರಡು ಬಾಟಲಿಗಳನ್ನೇ ಹೊರತು ರೋಗಿಗಳನ್ನೂ ಆರೋಗ್ಯವಂತರನ್ನೂ ಅಲ್ಲ.

ಆದ್ದರಿಂದ ಪೆಟ್ಟಿಗೆಯನ್ನು ಕೊರಿಯರ್‌ನವರ ಎದುರೇ ತೆರೆಯಿರಿ, ಸೀರಮ್ ಕರಗಿದ್ದರೆ ಸಹಿ ಹಾಕದೆ ಹಿಂದಿರುಗಿಸಿ. ಹಳೆಯ ಲಾಟು ಮುಗಿಯುವ ಮೊದಲೇ ಹೊಸದನ್ನು ಒಬ್ಬರದೇ ರಕ್ತದ ಮೇಲೆ ಅಕ್ಕಪಕ್ಕದಲ್ಲಿ ಪರೀಕ್ಷಿಸಿ, ರೋಗಿಗಳ ಹಾಗೂ ಆರೋಗ್ಯವಂತರ ಮಾದರಿಗಳನ್ನು ಒಂದೇ ಲಾಟಿನಲ್ಲಿ, ಸಾಧ್ಯವಾದರೆ ಒಂದೇ ವಾರದಲ್ಲಿ ಬೆಳೆಸಿ. ನಾವು ಸಹಿ ಹಾಕಿ ಪಡೆದಿದ್ದೆವೆಂಬ ಕಾರಣಕ್ಕೆ ಹಣ ವಾಪಸಾಗಲಿಲ್ಲ. ರೋಗಿಗಳ ಬಳಿ ಎರಡನೆಯ ಸಲ ರಕ್ತ ಕೇಳಲು ಹೋಗಬೇಕಾಯಿತು.