ಮಡಿಕೇರಿಯ ಕಾಫಿ ಗೋದಾಮಿನಲ್ಲಿ ಮೂಕಿಚಿತ್ರಗಳ ಸಂಜೆ

ಮಡಿಕೇರಿಯ ಹೊರವಲಯದ ಹೋಂಸ್ಟೇಯೊಂದರವರು ಮಳೆಗಾಲದ ಶನಿವಾರಗಳಂದು ತಮ್ಮ ಹಳೆಯ ಕಾಫಿ ಗೋದಾಮಿನಲ್ಲಿ ಮೂಕಿಚಿತ್ರಗಳನ್ನು ತೋರಿಸುತ್ತಾರೆ. ಊಟವೂ ಸೇರಿ ತಲೆಗೆ 800 ರೂಪಾಯಿ. ನಾನು ಹೋದ ಸಂಜೆಯ ವಿಷಯ, ವಿಕ್ಟೋರಿಯಾ ಕಾಲದ ರಂಗಭೂಮಿಯಿಂದ ಸಿನಿಮಾಕ್ಕೆ ಬಂದ ಬಳುವಳಿ.

ಮೊದಲು ಅವರು ಒಂದು ಗಾಜಿನ ಹಾಳೆಯನ್ನು ಓರೆಯಾಗಿ ನಿಲ್ಲಿಸಿ, ಮರೆಯಲ್ಲಿದ್ದ ಹುಡುಗನ ಮೇಲೆ ಬೆಳಕು ಬಿಟ್ಟು, ಅವನ ಪ್ರತಿಬಿಂಬ ವೇದಿಕೆಯ ಮೇಲೆ ಭೂತದಂತೆ ತೇಲುವುದನ್ನು ತೋರಿಸಿದರು. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜನರನ್ನು ಬೆರಗುಗೊಳಿಸಿದ 'ಪೆಪ್ಪರನ ಭೂತ' ಎಂಬ ರಂಗತಂತ್ರ ಇದೇ. ಆ ಮೇಲೆ ಫ್ರೆಂಚ್ ಚಿತ್ರನಿರ್ದೇಶಕ ಜಾರ್ಜ್ ಮೆಲಿಯೆಯ 1902ರ ಚಂದ್ರಯಾನದ ಚಿತ್ರವನ್ನು ನೋಡಿದಾಗ, ಬಣ್ಣದ ಪರದೆಗಳೂ ಹೊಗೆಯಲ್ಲಿ ಮಾಯವಾಗುವ ಜೀವಿಗಳೂ ಎಲ್ಲಿಂದ ಬಂದವೆಂಬುದು ಹೇಳದೆಯೇ ತಿಳಿಯಿತು. ಆತ 1888ರಲ್ಲೇ ಪ್ಯಾರಿಸ್ಸಿನ ಜಾದೂ ರಂಗಮಂದಿರವೊಂದನ್ನು ಕೊಂಡಿದ್ದ ಜಾದೂಗಾರ; ಅವನ ಕ್ಯಾಮೆರಾ ಪ್ರೇಕ್ಷಕನ ಕುರ್ಚಿಯಿಂದ ಬಹುತೇಕ ಕದಲುವುದಿಲ್ಲ.

ಸಂಜೆಯ ನಿಜವಾದ ಸಂಪತ್ತು ಮುಂದಿನ ಜೋಡಿಯಲ್ಲಿತ್ತು. ರಂಗದಲ್ಲಿ ಜನಪ್ರಿಯವಾಗಿದ್ದ ಕಥೆಯನ್ನೇ ಅಮೆರಿಕದ ನಿರ್ದೇಶಕ ಎಡ್ವಿನ್ ಪೋರ್ಟರ್ 1903ರಲ್ಲಿ ಚಿತ್ರಿಸಿದ 'ಅಂಕಲ್ ಟಾಮ್ಸ್ ಕ್ಯಾಬಿನ್'ನಲ್ಲಿ, ಗುಲಾಮಗಿರಿಯಿಂದ ಓಡಿಹೋಗುವ ಎಲೈಜಾ ದಾಟುವ ಹಿಮದ ನದಿ ಒಂದು ರಂಗಸಜ್ಜಿಕೆಯಷ್ಟೆ. ಅದರ ಬೆನ್ನಿಗೇ ಅಮೆರಿಕದವನೇ ಆದ ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತನ 1920ರ 'ವೇ ಡೌನ್ ಈಸ್ಟ್'ನ ಕೊನೆಯ ಭಾಗ ಬಂತು. ಅದೂ ರಂಗದಲ್ಲಿ ಗೆದ್ದ ನಾಟಕವೇ. ಆದರೆ ಇಲ್ಲಿ ನಟಿ ಲಿಲಿಯನ್ ಗಿಶ್ ನಿಜವಾದ ನದಿಯಲ್ಲಿ, ನಿಜವಾದ ಹಿಮದ ಹಲಗೆಯ ಮೇಲೆ ಕೈಯನ್ನು ನೀರಿಗೆ ಇಳಿಬಿಟ್ಟು ಮಲಗಿದ್ದಾಳೆ. ರಂಗಭೂಮಿ ಹಲಗೆ, ಬಟ್ಟೆಗಳಿಂದ ತೋರಿಸಲು ಹಂಬಲಿಸುತ್ತಿದ್ದುದನ್ನು ಕ್ಯಾಮೆರಾ ಹೊರಗೆ ಹೋಗಿ ತಂದುಕೊಟ್ಟ ಬಗೆಯನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಒಂದು ತಪ್ಪನ್ನು ಮಾತ್ರ ಹೇಳಲೇಬೇಕು. ಕೈಯಿಂದ ತಿರುಗಿಸಿ, ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳ (ಫ್ರೇಮ್) ವೇಗದಲ್ಲಿ ತೆಗೆದ 1903ರ ಚಿತ್ರವನ್ನು ಅವರು 24ರ ವೇಗದಲ್ಲಿ ಓಡಿಸಿದರು. ಎಲೈಜಾ ಗೊಂಬೆಯಂತೆ ಕುಣಿದಳು, ಸಭೆ ನಕ್ಕಿತು. ನನಗೆ ಬಹಳ ನೋವಾಯಿತು. ಕೊನೆಯ ಸಾಲಿನವರಿಗೂ ಮುಟ್ಟಲೆಂದು ರಂಗನಟರು ರೂಢಿಸಿಕೊಂಡ ಆ ದೊಡ್ಡ ಹಾವಭಾವಕ್ಕೆ ಅದರದೇ ನಿಧಾನ ಬೇಕು. ಕಂಪನಿ ನಾಟಕ ನೋಡಿ ಬೆಳೆದ ನಮ್ಮವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಗುಬ್ಬಿ ವೀರಣ್ಣನವರೂ ರಂಗದಿಂದಲೇ ಮೂಕಿಚಿತ್ರ ತಯಾರಿಕೆಗೆ ಹೋದವರು. ಅವರ ಹೆಸರು ಆ ಸಂಜೆ ಒಮ್ಮೆಯೂ ಬರಲಿಲ್ಲ.

ಕಡಂಬುಟ್ಟು, ಪಂದಿ ಕರಿ ಚೆನ್ನಾಗಿದ್ದವು. ತಗಡಿನ ಚಾವಣಿಯ ಮೇಲೆ ಮಳೆ ಜೋರಾದರೆ ಚಿತ್ರಗಳ ಜೊತೆಗಿನ ಪಿಯಾನೋ ಸಂಗೀತ ಕೇಳಿಸದು. ಧ್ವನಿಪೆಟ್ಟಿಗೆಗಳಿರುವ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ವೇಗದ ವಿಷಯವನ್ನು ನಾನು ತಿಳಿಸಿದಾಗ ಮನೆಯವರು ಬರೆದುಕೊಂಡರು. ಮುಂದಿನ ತಿಂಗಳು ಅದೇ ಚಿತ್ರವನ್ನು ಸರಿಯಾದ ವೇಗದಲ್ಲಿ ತೋರಿಸುವುದಾಗಿ ಹೇಳಿದ್ದಾರೆ. ಅದನ್ನು ನೋಡಲು ಮತ್ತೆ ಹೋಗುವವನಿದ್ದೇನೆ.